ಮೂಲೆಮನೆಯವರ ಮುಂಬಾಗಿಲು

ಈಗ ಓಟು ಕೇಳಲು ಬರುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಗೇಟಿನ ಆಚೆಯೇ ನಿಂತು, ಒಳಗಿರುವವರ ಮುಖ ಕೂಡ ನೋಡದೆ ಕೈ ಮುಗಿದು, ಒಂದು ಫೋಟೋ ತೆಗೆಸಿಕೊಂಡು ಮುಂದಿನ ಮನೆಗೆ ಓಡುತ್ತಾರೆ. ಹೋದ ಚುನಾವಣೆಯಲ್ಲಿ ಹಾಗೆ ಬಂದ ಒಬ್ಬ ಅಭ್ಯರ್ಥಿಗೆ, "ಒಳಗೆ ಬನ್ನಿ, ಕೂತ್ಕೊಂಡು ಮಾತಾಡಿ" ಎಂದೆ. "ಟೈಮಿಲ್ಲ ಆಂಟಿ" ಅಂದ. ಸರಿಯಪ್ಪ, ನನಗೂ ಟೈಮಿಲ್ಲ ಎಂದುಕೊಂಡು ಬಾಗಿಲು ಹಾಕಿದೆ. ಹಾಕಿ ಅಡಿಗೆಮನೆಗೆ ಹೋದವಳ ಕಣ್ಣಿಗೆ ಈಳಿಗೆಮಣೆ ಬಿತ್ತು. ಹಿಂದೊಮ್ಮೆ ಒಬ್ಬರು ಓಟು ಕೇಳಲು ನಮ್ಮ ಅಡಿಗೆಮನೆಯವರೆಗೂ ಬಂದಿದ್ದರು. ಬಂದು, ಈಳಿಗೆಮಣೆ ಎಳೆದುಕೊಂಡು ಕೂತು, ಒಂದು ಬುಟ್ಟಿ ಹುರುಳಿಕಾಯಿ ಹೆಚ್ಚಿಕೊಟ್ಟು ಹೋಗಿದ್ದರು.

ಅವರೇ ಮೂಲೆಮನೆಯವರು. ಅವರಿಗೊಂದು ಹೆಸರಿತ್ತು, ಚೆಂದದ ಹೆಸರೇ. ಆದರೆ ಚಾಮರಾಜಪೇಟೆಯ ನಮ್ಮ ಅಡ್ಡರಸ್ತೆಯಲ್ಲಿ ಯಾರೂ ಆ ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ನಾನೂ ಇಲ್ಲಿ ಬರೆಯುವುದಿಲ್ಲ. ಬರೆದರೆ ಇನ್ಯಾರದೋ ವಿಷಯ ಹೇಳಿದ ಹಾಗೆ ಆಗುತ್ತದೆ. ಅವರು ತೀರಿಕೊಂಡು ವರ್ಷಗಳೇ ಆದವು, ಮನೆಯೂ ಹೋಯಿತು. ಅಲ್ಲೀಗ ಮೇಲೆ ಮೇಲೆ ಮನೆಗಳನ್ನು ಪೇರಿಸಿದ್ದಾರೆ.

ನಾನು ಮದುವೆಯಾಗಿ ಆ ಬೀದಿಗೆ ಬಂದದ್ದು ಎಪ್ಪತ್ತರ ದಶಕದಲ್ಲಿ. ಬಿ.ಎ. ಪಾಸು ಮಾಡಿ ಒಲೆಯ ಮುಂದೆ ಕೂತವಳು. ಬಂದ ಹೊಸದರಲ್ಲಿ ನನಗೆ ವಿಚಿತ್ರ ಅನ್ನಿಸಿದ್ದು ಆ ಮೂಲೆಮನೆಯ ಮುಂಬಾಗಿಲು. ಬೆಳಗಾಗುವ ಮೊದಲೇ ಅಂಗಳ ಸಾರಿಸಿ ರಂಗೋಲಿ ಬಿದ್ದಿರುತ್ತಿತ್ತು, ಆದರೆ ಬಾಗಿಲು ಮಾತ್ರ ಮುಚ್ಚಿರುತ್ತಿತ್ತು. ಬೀದಿಯ ಗಂಡಸರೆಲ್ಲ ಆಫೀಸಿಗೆ, ಮಕ್ಕಳೆಲ್ಲ ಸ್ಕೂಲಿಗೆ ಹೋಗಿ ಗದ್ದಲ ನಿಂತ ಮೇಲೆಯೇ ಅದು ತೆರೆಯುತ್ತಿದ್ದುದು. "ಅವರೇನು ಅಷ್ಟು ಹೊತ್ತು ಮಲಗ್ತಾರಾ ಅತ್ತೆ?" ಎಂದು ಕೇಳಿದೆ. ನನ್ನ ಅತ್ತೆ, ಅಂದರೆ ಗಂಡನ ತಾಯಿ, ಹಣೆಯಲ್ಲಿ ಕಾಸಿನಗಲ ಕುಂಕುಮ ಇಡುತ್ತಿದ್ದ ಹೆಂಗಸು. "ಏನ್ ಹುಡುಗೀನೇ ನೀನು! ಗಂಡ ಹೋದವರು. ಹೊರಡೋರಿಗೆ ಎದುರಾಗಬಾರದು ಅಂತ ಅವರೇ ಬಾಗಿಲು ಹಾಕ್ಕೋತಾರೆ. ತುಂಬಾ ತಿಳಿದೋರು" ಎಂದರು. ಹೊಗಳುವ ದನಿಯಲ್ಲೇ ಹೇಳಿದರು. ನನಗೆ ಸಿಟ್ಟು ಬಂದದ್ದು ಅದಕ್ಕೇ.

ಅತ್ತೆಗೆ ಶಕುನದ ಹುಚ್ಚು ಸ್ವಲ್ಪ ಜಾಸ್ತಿಯೇ ಇತ್ತು. ಯಾರಾದರೂ ಮುಖ್ಯ ಕೆಲಸಕ್ಕೆ ಹೊರಟರೆ ಮೊದಲು ನನ್ನನ್ನು ಜಗುಲಿಗೆ ಕಳಿಸಿ, "ಬೀದೀಲಿ ಯಾರು ಬರ್ತಿದಾರೆ ನೋಡೇ" ಎನ್ನುವರು. ಎದುರಾಗಬಾರದವರು ಬಂದರೆ ಹೊರಟವರನ್ನು ವಾಪಸು ಕರೆದು ಕೂರಿಸಿ, ನೀರು ಕುಡಿಸಿ, ಆಮೇಲೆ ಬಿಡುವರು. ನನ್ನ ಮಾವ, ಸೆಕ್ರೆಟೇರಿಯಟ್ಟಿನಲ್ಲಿದ್ದವರು, ಹಾಗೆ ನೀರು ಕುಡಿದು ಕುಡಿದು ರೋಸಿಹೋಗಿ ರಿಟೈರಾದರು ಎಂದು ನನ್ನ ಗಂಡ ತಮಾಷೆ ಮಾಡುತ್ತಿದ್ದರು.

ಹಾಗಂತ ಮೂಲೆಮನೆಯವರಿಲ್ಲದೆ ನಮ್ಮ ಬೀದಿಯಲ್ಲಿ ಒಂದು ಕೆಲಸವೂ ನಡೆಯುತ್ತಿರಲಿಲ್ಲ. ಹೆರಿಗೆ, ಬಾಣಂತನ, ನಾಮಕರಣ, ಮದುವೆಯ ಹೋಳಿಗೆ, ತಿಥಿಯ ವಡೆ, ಎಲ್ಲಕ್ಕೂ ಅವರೇ. ಬರುತ್ತಿದ್ದುದು ಮಾತ್ರ ಹಿಂದಿನಿಂದ. ನಮ್ಮ ಕಡೆಯ ಹಳೆಯ ಬಡಾವಣೆಗಳಲ್ಲಿ ಎರಡು ಸಾಲು ಮನೆಗಳ ಹಿತ್ತಿಲುಗಳ ನಡುವೆ ಒಂದು ಸಣ್ಣ ಗಲ್ಲಿ ಇರುತ್ತಿತ್ತು. ಹಿಂದೆ ಕಕ್ಕಸು ಬಳಿಯುವವರು ಓಡಾಡಲಿ ಎಂದು ಬಿಟ್ಟ ಜಾಗ, ಕನ್ಸರ್ವೆನ್ಸಿ ಗಲ್ಲಿ ಅನ್ನುತ್ತಿದ್ದೆವು. ಕಸ, ಕೊಚ್ಚೆ, ಹೆಗ್ಗಣ, ಒಡೆದ ಮಡಕೆ, ಎಲ್ಲ ಅಲ್ಲೇ. ಮೂಲೆಮನೆಯವರು ಸೀರೆಯ ನೆರಿಗೆ ಎತ್ತಿಕಟ್ಟಿಕೊಂಡು, ಕಲ್ಲಿನಿಂದ ಕಲ್ಲಿಗೆ ಕಾಲಿಡುತ್ತಾ ಆ ಗಲ್ಲಿಯಲ್ಲಿ ಬಂದು, ಹಿತ್ತಿಲ ಬಾಗಿಲು ತಟ್ಟಿ, "ನಾನು ಕಣ್ರೇ" ಅನ್ನುವರು. ವರಮಹಾಲಕ್ಷ್ಮಿ ಹಬ್ಬದ ದಿನ ಹೋಳಿಗೆ ತಟ್ಟಿ ಮುಗಿಸುವುದು, ಮುತ್ತೈದೆಯರು ಮುಂಬಾಗಿಲಲ್ಲಿ ಕಾಲಿಡುವ ಹೊತ್ತಿಗೆ ಹಿಂಬಾಗಿಲಿನಿಂದ ಹೊರಟುಬಿಡುವುದು. ಯಾರೂ ಹೋಗಿ ಅನ್ನುತ್ತಿರಲಿಲ್ಲ. ಯಾರೂ ಇರಿ ಅನ್ನುತ್ತಲೂ ಇರಲಿಲ್ಲ.

ನೋಡಲು ಎತ್ತರದ ಹೆಂಗಸು. ದೊಡ್ಡ ದೊಡ್ಡ ಕೈ. ಮಾತಾಡಿದರೆ ಪ್ರತಿ ಮಾತಿನ ಕೊನೆಗೂ "ಹೌದೋ ಅಲ್ವೋ?" ಎಂದು ಕೇಳಿ, ನೀವು ಹೌದು ಅನ್ನುವವರೆಗೂ ಮುಂದಕ್ಕೆ ಹೋಗುತ್ತಿರಲಿಲ್ಲ. ನಕ್ಕರೆ ಮೂರು ಮನೆಗೆ ಕೇಳಿಸುವುದು. ಅಳುಮುಂಜಿಯಾಗಿ ಅವರನ್ನು ನಾನು ನೋಡಿದ್ದೇ ಇಲ್ಲ. ನಾನು ಅವರನ್ನು ದೊಡ್ಡಮ್ಮ ಎನ್ನುತ್ತಿದ್ದೆ. ಒಗ್ಗರಣೆಗೆ ಸಾಸಿವೆ ಹಾಕುತ್ತಲೇ, "ಬಿ.ಎ. ಓದಿ ಇಲ್ಲಿ ಸಾಸಿವೆ ಸಿಡಿಸ್ತಿದೀಯಲ್ಲ, ಬ್ಯಾಂಕಿನ ಪರೀಕ್ಷೆ ಕಟ್ಟು ಹೋಗು" ಎಂದು ನನ್ನನ್ನು ಬೈಯುತ್ತಿದ್ದವರು ಅವರೊಬ್ಬರೇ.

ಎಂಬತ್ತರ ದಶಕದ ಆರಂಭದ ಮಾತು. ಬಹಳ ಕಾಲ ಇಲ್ಲದಿದ್ದ ಕಾರ್ಪೊರೇಷನ್ ಚುನಾವಣೆ ಕೊನೆಗೂ ಬಂತು. ನಮ್ಮ ವಾರ್ಡಿಗೆ ಒಬ್ಬ ಕಂಟ್ರಾಕ್ಟರು ನಿಂತರು. ಕೆಟ್ಟವರೇನಲ್ಲ, ನಮ್ಮ ಮನೆ ಮುಂದಿನ ರಸ್ತೆಗೆ ಡಾಂಬರು ಹಾಕಿಸಿದ್ದರು. ಅವರ ಸಭೆಯೊಂದು ನಮ್ಮ ಮನೆಯ ನಡುಮನೆಯಲ್ಲೇ ಆಯಿತು. ಮಾವ ಕರೆದಿದ್ದರು. ಒಳಗೆ ಉಪ್ಪಿಟ್ಟು ಮಾಡುತ್ತಿದ್ದವರು, ಇನ್ಯಾರು, ಮೂಲೆಮನೆಯವರೇ. ಕಂಟ್ರಾಕ್ಟರು ರಸ್ತೆ, ದೀಪ ಎಂದೆಲ್ಲ ಹೇಳಿ ಮುಗಿಸಿದ ಮೇಲೆ ಅಡಿಗೆಮನೆಯ ಬಾಗಿಲ ಸಂದಿಯಿಂದ ದನಿ ಬಂತು. "ಹಿಂದಿನ ಗಲ್ಲಿ ಏನ್ಮಾಡ್ತೀರಿ? ಅದರ ಕೊಚ್ಚೆಯೆಲ್ಲಾ ಹರಿದು ಕೊನೇಲಿರೋ ಲೈನ್‌ಮನೆಗಳ ಒಳಗೆ ಹೋಗುತ್ತೆ. ಅಲ್ಲಿ ಮಕ್ಕಳಿಗೆ ವಾಂತಿಭೇದಿ ನಿಲ್ತಾನೇ ಇಲ್ಲ. ಹೌದೋ ಅಲ್ವೋ?"

ಬಿನ್ನಿಪೇಟೆಯ ಕಡೆ ತಿರುಗುವಲ್ಲಿ ಗಿರಣಿ ಕೆಲಸದವರ ಲೈನ್‌ಮನೆಗಳಿದ್ದವು. ಅವೂ ನಮ್ಮ ವಾರ್ಡಿಗೇ ಸೇರಿದ್ದವು.

ಕಂಟ್ರಾಕ್ಟರು ಬಾಗಿಲ ಕಡೆ ನೋಡಿ ನಕ್ಕರು. "ಯಾರೋ ತಾಯಿ ಒಳಗಿಂದ ಮಾತಾಡ್ತಿದಾರೆ. ಉಪ್ಪಿಟ್ಟು ತಳ ಹಿಡೀತದೆ, ಸ್ವಲ್ಪ ನೋಡ್ಕೊಳ್ಳಿ ಅಮ್ಮ" ಅಂದರು. ಎಲ್ಲರೂ ಗೊಳ್ಳೆಂದು ನಕ್ಕರು. ನನ್ನ ಮಾವನೂ ನಕ್ಕರು. ಮೂಲೆಮನೆಯವರು ಎಲ್ಲರಿಗೂ ಉಪ್ಪಿಟ್ಟು ಹಾಕಿ ಕಳಿಸಿ, ಬಾಣಲೆ ಉಜ್ಜಿಟ್ಟು, ಹಿತ್ತಿಲ ಬಾಗಿಲಲ್ಲಿ ನಿಂತು ನನ್ನನ್ನು ಕೇಳಿದರು, "ನಾಮಿನೇಷನ್ ಹಾಕೋದು ಹೇಗೇ? ನೀನು ಓದಿದೋಳು, ನಿನಗೆ ಗೊತ್ತಿರ್ಬೇಕು."

ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ.

"ಗೆಲ್ಲೋ ಆಸೆ ನನಗಿಲ್ಲ ಕಣಮ್ಮ. ಗೆದ್ರೆ ಗಲ್ಲಿ ಸರಿಮಾಡಿಸ್ತೀನಿ, ಅದು ಬೇರೆ ಮಾತು. ಆದ್ರೆ ಈ ಬೀದಿಯವರು ನನ್ನ ಕೈಯ ಅಡಿಗೆ ಉಂಡಿದಾರೆ. ಇವರ ಮಕ್ಕಳಿಗೆಲ್ಲಾ ಮೊದಲ್ನೇ ಸ್ನಾನ ಮಾಡಿಸಿದ್ದು ನಾನು. ನಾನು ಮುಂದೆ ಬಂದು ನಿಂತ್ರೆ ಇವರು ನನ್ನ ಮುಖ ನೋಡ್ತಾರಾ, ಇಲ್ಲ ತಿರುಗಿಸ್ಕೋತಾರಾ? ಅದೊಂದು ನನಗೆ ಗೊತ್ತಾಗ್ಬೇಕು."

ಅಲ್ಲಿಂದ ಶುರುವಾಯಿತು. ಪಕ್ಷವಿಲ್ಲ, ಬಾವುಟವಿಲ್ಲ, ಸ್ವತಂತ್ರ ಅಭ್ಯರ್ಥಿ. ಗುರುತು ಆರಿಸುವಾಗ ಅಲ್ಲಿದ್ದ ಅಧಿಕಾರಿ ಸೈಕಲ್ಲು, ತಕ್ಕಡಿ, ಏಣಿ ಎಂದು ತೋರಿಸಿದರೆ ಇವರು ಏಣಿಯ ಮೇಲೆ ಬೆರಳಿಟ್ಟರು. ಏಕೆ ಎಂದು ದಾರಿಯಲ್ಲಿ ಕೇಳಿದೆ. "ಅಟ್ಟದ ಮೇಲಿಂದ ಏನಾದ್ರೂ ಇಳಿಸ್ಬೇಕಾದ್ರೆ ಎಲ್ಲರಿಗೂ ಏಣಿ ಬೇಕು. ಕೆಲಸ ಆದ್ಮೇಲೆ ಹಿತ್ತಿಲಲ್ಲಿ ಒರಗಿಸ್ತಾರೆ. ನನಗೆ ಸರಿಯಾಗಿದೆ ಬಿಡು" ಎಂದು ಆ ದೊಡ್ಡ ನಗು ನಕ್ಕರು. ರಸ್ತೆಯಲ್ಲಿ ಹೋಗುತ್ತಿದ್ದವರೆಲ್ಲ ತಿರುಗಿ ನೋಡಿದರು.

ಮನೆಯಲ್ಲಿ ಸುದ್ದಿ ಹೇಳಿದಾಗ ಅತ್ತೆ ಕೈಲಿದ್ದ ಅಕ್ಕಿಯ ಮೊರವನ್ನು ಕೆಳಗಿಟ್ಟರು. "ಅವರಿಗೆ ಹುಚ್ಚು, ನಿನಗೆ ಅದಕ್ಕಿಂತ ಹುಚ್ಚು. ಹೆಣ್ಣು ಹೆಂಗಸು, ಅದರಲ್ಲೂ ಅವರು! ನಾಳೆ ಯಾರಾದ್ರೂ ಒಂದು ಮಾತು ಆಡಿದ್ರೆ ಯಾರು ತಡ್ಕೊಳ್ಳೋದು?" ಎಂದರು. ಅದು ಕೋಪವೇ, ಹೆದರಿಕೆಯೇ ಆಗ ನನಗೆ ತಿಳಿಯಲಿಲ್ಲ. ಈಗ ಅನ್ನಿಸುತ್ತದೆ, ಗೆಳತಿಗೆ ಅವಮಾನವಾಗುತ್ತದೆಂದು ಅವರಿಗೆ ಒಳಗೊಳಗೇ ಭಯವಿತ್ತು. ಮೂವತ್ತು ವರ್ಷದ ಸ್ನೇಹ ಅವರದು, ಪೂರಾ ಅಡಿಗೆಮನೆಯಲ್ಲೇ ನಡೆದದ್ದು.

ಅವರ ಪ್ರಚಾರವನ್ನು ನೀವು ನೋಡಬೇಕಿತ್ತು! ಕಂಟ್ರಾಕ್ಟರದು ಮುಂದಿನ ರಸ್ತೆಯಲ್ಲಿ ಆಟೋ, ಮೈಕು, ಹಾರ, ಜೈಕಾರ. ಇವರದು ಹಿಂದಿನ ಗಲ್ಲಿಯಲ್ಲಿ ಕಲ್ಲಿನಿಂದ ಕಲ್ಲಿಗೆ. ಹಿತ್ತಿಲ ಬಾಗಿಲು ತಟ್ಟುವುದು, ಒಳಗೆ ಹೋಗಿ ಕೂರುವುದು, ಕೈಗೆ ಸಿಕ್ಕ ಕೆಲಸ ಎಳೆದುಕೊಳ್ಳುವುದು. ಒಂದು ಮನೆಯಲ್ಲಿ ಅಕ್ಕಿಯ ಕಲ್ಲು ಆರಿಸಿದರೆ ಇನ್ನೊಂದರಲ್ಲಿ ಬೆಣ್ಣೆ ಕಾಯಿಸಿಕೊಟ್ಟರು. ಮಗುವಿಗೆ ಶೀತ ಎಂದರೆ ದೊಡ್ಡಪತ್ರೆ ಬಾಡಿಸಿ ರಸ ಹಿಂಡಿದರು. ಇಷ್ಟೆಲ್ಲ ಆದ ಮೇಲೆ ಎದ್ದು ನಿಂತು ಗಲ್ಲಿಯ ವಿಷಯ ಹೇಳಿ, "ಯೋಚನೆ ಮಾಡಿ" ಎನ್ನುವರು. ಅಷ್ಟೆ. ನಾನು ಜೊತೆಯಲ್ಲಿ ಹೋಗಿ ಒಂದು ಬೆಳಗ್ಗೆಗೆ ನಾಲ್ಕೇ ನಾಲ್ಕು ಮನೆ ಮುಗಿಸಿದ್ದೂ ಉಂಟು. ತಲೆ ಚಚ್ಚಿಕೊಳ್ಳುವ ಹಾಗಾಗುತ್ತಿತ್ತು.

"ದೊಡ್ಡಮ್ಮ, ಓಟು ಕೊಡಿ ಅಂತ ಬಾಯಿಬಿಟ್ಟು ಕೇಳಿ! ಏಣಿ ಗುರುತು ಅನ್ನಿ! ಒಂದು ಮೈಕಾದ್ರೂ ತರಿಸೋಣ."

"ಅಡಿಗೆಮನೇಲಿ ಮೈಕಿಟ್ಟು ಕೂಗಿದ್ರೆ ಹಾಲು ಉಕ್ಕಿಹೋಗುತ್ತೆ, ಸುಮ್ನಿರು" ಎಂದರು.

"ಹಾಗಾದ್ರೆ ಮುಂದಿನಿಂದಲಾದ್ರೂ ಹೋಗೋಣ."

ಅವರು ಆಗಲೇ ನೆರಿಗೆ ಎತ್ತಿಕಟ್ಟಿ ಗಲ್ಲಿಯ ಮುಂದಿನ ಕಲ್ಲಿಗೆ ಕಾಲಿಟ್ಟಿದ್ದರು.

ನಮ್ಮ ಸಾಲಿನ ಹೆಂಗಸರೆಲ್ಲ, "ನಿಮಗಲ್ದೆ ಇನ್ಯಾರಿಗೆ ಹಾಕ್ತೀವಿ?" ಎನ್ನುತ್ತಿದ್ದರು. ಅಡಿಗೆಮನೆಯಲ್ಲಿ ಹೇಳಿದ ಮಾತು ನಡುಮನೆ ದಾಟಿ ಬೀದಿಗೆ ಬರುತ್ತದೆಯೇ ಎಂಬುದು ನನ್ನ ಅನುಮಾನ.

ಒಂದು ದಿನ ಲೈನ್‌ಮನೆಗಳಿಗೆ ಹೋದೆವು. ಮೂಲೆಮನೆಯವರು ಅಭ್ಯಾಸಬಲದಿಂದ ಸಾಲನ್ನು ಸುತ್ತಿ ಹಿಂದಕ್ಕೆ ಹೋಗಿ ಗೋಡೆಯ ಮುಂದೆ ತಬ್ಬಿಬ್ಬಾಗಿ ನಿಂತರು. ಅಲ್ಲಿ ಬಾಗಿಲೇ ಇರಲಿಲ್ಲ. ಗಿರಣಿಯಲ್ಲಿ ಪಾಳಿ ಮುಗಿಸಿ ಬಂದಿದ್ದ ಒಬ್ಬ ಹೆಂಗಸು ಹುಡುಕಿಕೊಂಡು ಬಂದು, "ಏನಮ್ಮೋ, ಗೋಡೆ ತಾವ ಏನ್ ನೋಡ್ತೀಯ? ನಮ್ಮನೇಗೆ ಇರೋದೇ ಒಂದ್ ಬಾಗ್ಲು. ನೆಂಟ್ರಾದ್ರೂ ಅದೇ, ಪೊಲೀಸಾದ್ರೂ ಅದೇ. ಬಾ" ಎಂದು ಕೈ ಹಿಡಿದು ಎಳೆದುಕೊಂಡು ಹೋದಳು. ಆ ಒಂದೇ ಕೋಣೆಯ ನಡುವೆ ಚಾಪೆ ಹಾಸಿ ಕೂರಿಸಿ, ಟೀ ಕೊಟ್ಟಳು. ಸುತ್ತಮುತ್ತಲ ಹೆಂಗಸರೆಲ್ಲ ಬಂದು ಸೇರಿದರು. ಅಲ್ಲಿ ಮೊದಲ ಸಲ ಮೂಲೆಮನೆಯವರು ಎಲ್ಲರ ಎದುರಿಗೆ ಕೂತು, ದನಿ ಎತ್ತಿ, "ನಾನು ಓಟಿಗೆ ನಿಂತಿದೀನಿ ಕಣ್ರಮ್ಮ. ಏಣಿ ಗುರುತು. ನನಗೆ ಹಾಕಿ" ಎಂದು ಕೇಳಿದರು. ವಾಪಸು ಬರುವಾಗ ದಾರಿಯುದ್ದಕ್ಕೂ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಲೇ ಇದ್ದರು. ಬಿಸಿಲು ಎಂದು ಹೇಳಿದರು. ಇರಬಹುದು.

ಓಟಿನ ಹಿಂದಿನ ದಿನ. ನಾನು ಒಲೆಯ ಮುಂದಿದ್ದೆ. ಅತ್ತೆ ಒಳಗೆ ಬಂದು ದನಿ ತಗ್ಗಿಸಿ, "ನಾನು ಅವರಿಗೇ ಹಾಕ್ತೀನಿ ಕಣೇ, ಮಾವನಿಗೆ ಹೇಳ್ಬೇಡ. ಆದ್ರೆ ನಾಳೆ ಅವರು ಓಟು ಹಾಕೋ ಸ್ಕೂಲಿನ ಗೇಟಿನ ಹತ್ರ ಬಂದು ನಿಲ್ದೇ ಇದ್ರೆ ಚೆನ್ನಾಗಿತ್ತು. ಬೆಳಗ್ಗೆ ಬೆಳಗ್ಗೆ ಎಲ್ಲರೂ ಸ್ನಾನ ಮಾಡಿ ಹೊರಟಿರ್ತಾರೆ. ಎದುರಿಗೇ ಅವರು ನಿಂತಿದ್ರೆ ನಮ್ಮವರೇ ವಾಪಸ್ ಬಂದ್ಬಿಡ್ತಾರೆ. ನೀನು ಮೆತ್ತಗೆ ಹೇಳು" ಎಂದರು.

ಬಚ್ಚಲಿನಲ್ಲಿ ತಂಬಿಗೆ ಸದ್ದಾಯಿತು. ಮೂಲೆಮನೆಯವರು ಆಗಲೇ ಹಿತ್ತಿಲಿನಿಂದ ಬಂದು ಕೈ ತೊಳೆಯುತ್ತಿದ್ದರು. ಒಳಗೆ ಬಂದರು. ಬಿಡಿಸಿ ತಂದಿದ್ದ ಬಾಳೆಹೂವನ್ನು ನನ್ನ ಮುಂದಿಟ್ಟು, "ಮಜ್ಜಿಗೇಲಿ ನೆನೆಸಿಡು, ಇಲ್ದಿದ್ರೆ ಕಪ್ಪಾಗುತ್ತೆ" ಎಂದರು. ಅತ್ತೆಯ ಕಡೆ ತಿರುಗಿ ಎಂದಿನ ಹಾಗೇ, "ಬರ್ತೀನಿ ಕಣ್ರೀ" ಎಂದು ಹೇಳಿ ಹೋದರು. ಅತ್ತೆಯ ಮುಖ ಆಗ ನೋಡಲಾಗುತ್ತಿರಲಿಲ್ಲ. ನಾನು ಬಾಳೆಹೂವನ್ನು ಮಜ್ಜಿಗೆಗೆ ಹಾಕಿದೆ. ಮಾತಾಡಿದ್ದರೆ ಬಾಯಿಗೆ ಬಂದದ್ದೆಲ್ಲ ಆಡುತ್ತಿದ್ದೆ.

ಮರುದಿನ ಪ್ರೈಮರಿ ಸ್ಕೂಲಿನ ಮುಂದೆ ನಮ್ಮದೂ ಒಂದು ಮೇಜು ಹಾಕಿ, ಏಣಿಯ ಚಿತ್ರ ಅಂಟಿಸಿ ಕೂತೆ. ಕಂಟ್ರಾಕ್ಟರು ಇಸ್ತ್ರಿ ಮಾಡಿದ ಬಿಳಿ ಷರ್ಟಿನಲ್ಲಿ ಗೇಟಿನ ಪಕ್ಕದಲ್ಲೇ ನಿಂತು ಬಂದವರಿಗೆಲ್ಲ ಕೈ ಮುಗಿಯುತ್ತಿದ್ದರು. ಮೂಲೆಮನೆಯವರ ಸುಳಿವೇ ಇಲ್ಲ. ಹೊತ್ತೇರಿತು. ಲೈನ್‌ಮನೆಗಳ ಹೆಂಗಸರು ಗುಂಪಾಗಿ ಬಂದು, "ಅಮ್ಮ ಎಲ್ಲಿ?" ಎಂದು ಕೇಳಿದರು. ಬರ್ತಾರೆ ಎಂದೆ. ಸ್ವಲ್ಪ ಹೊತ್ತಿಗೆ ಇನ್ನೊಂದು ಗುಂಪು, "ಅಮ್ಮ ಹಿಂದೆ ಸರಿದ್ಬಿಟ್ರಂತೆ, ಕಂಟ್ರಾಕ್ಟ್ರಿಗೇ ಹಾಕಿ ಅಂದ್ರಂತೆ, ನಿಜವಾ?" ಎಂದರು. ಯಾರು ಹಬ್ಬಿಸಿದರೋ ಗೊತ್ತಿಲ್ಲ. ಹಬ್ಬಿಸುವ ಅಗತ್ಯವಾದರೂ ಏನಿತ್ತು? ನಿಂತ ಅಭ್ಯರ್ಥಿಯೇ ಕಾಣದಿದ್ದರೆ ಜನ ಮತ್ತೇನು ತಿಳಿಯುತ್ತಾರೆ? ಒಬ್ಬಿಬ್ಬರು ಓಟು ಹಾಕದೆ ಹಿಂದಕ್ಕೂ ಹೋದರು.

ಮೇಜು ಬಿಟ್ಟು ಮನೆಗೆ ಓಡಿದೆ. ಅತ್ತೆ ಜಗುಲಿಯಲ್ಲಿ ಕೂತಿದ್ದರು. ಇನ್ನೂ ಓಟು ಹಾಕಲು ಹೊರಟಿರಲಿಲ್ಲ. ಆ ಮನೆಗೆ ಬಂದ ಮೇಲೆ ಅವರೆದುರು ನಾನು ದನಿ ಎತ್ತಿದ್ದು ಅದೇ ಮೊದಲು.

"ಅವರು ಬಂದಿಲ್ಲ ಅತ್ತೆ! ನಿಮ್ಮ ಮಾತು ಕೇಳಿಸ್ಕೊಂಡು ಒಳಗೆ ಕೂತಿದಾರೆ. ಕಣದಿಂದ ಹಿಂದೆ ಸರಿದ್ರು ಅಂತ ಜನ ವಾಪಸ್ ಹೋಗ್ತಿದಾರೆ. ನಿಮಗೆ ಸಮಾಧಾನ ಆಯ್ತಾ?"

ಅತ್ತೆ ನನ್ನನ್ನು ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಒಳಗೆ ಹೋಗಿ, ಹಬ್ಬಕ್ಕೆ ಉಡುವ ಅಂಚಿನ ಸೀರೆ ಉಟ್ಟು, ಕುಂಕುಮ ತಿದ್ದಿಕೊಂಡು ಬಂದರು. ಜಗುಲಿ ಇಳಿದು ಬೀದಿಯಲ್ಲಿ ನಡೆದು, ಮೂಲೆಮನೆಯ ಮುಂಬಾಗಿಲಿಗೇ ಹೋಗಿ ಕದ ತಟ್ಟಿದರು. ನಾನು ಹಿಂದೆಯೇ ಹೋದೆ.

"ಯಾರು? ಹಿತ್ತಿಲ ಕಡೆ ಬನ್ನಿ" ಎಂದು ಒಳಗಿನಿಂದ ದನಿ ಬಂತು.

"ನಾನು ಕಣ್ರೀ. ಇಲ್ಲಿಂದಲೇ ಬರೋದು. ಬಾಗಿಲು ತೆಗೀರಿ."

ಬಾಗಿಲು ಸ್ವಲ್ಪವೇ ತೆರೆಯಿತು. ಮೂಲೆಮನೆಯವರು ಒಂದು ಪಕ್ಕಕ್ಕೆ ಸರಿದು ನಿಂತಿದ್ದರು, ಬೀದಿಗೆ ಕಾಣದ ಹಾಗೆ. ಅತ್ತೆ ಬಾಗಿಲನ್ನು ತಾವೇ ಪೂರ್ತಿ ತಳ್ಳಿದರು.

"ನಿನ್ನೆ ನಾನು ಆಡಿದ್ದು ತಪ್ಪು. ಬನ್ನಿ."

"ಅಯ್ಯೋ, ನೀವೇನು ಸುಳ್ಳು ಹೇಳಿದ್ರಾ? ನನಗೆ ಹೊಸದಾ ಅದು? ನೀವು ಹೋಗಿ ಓಟು ಹಾಕ್ಬನ್ನಿ. ಸಾಯಂಕಾಲ ಜನ ಕಡಿಮೆಯಾದ್ಮೇಲೆ ಹಿಂದಿನಿಂದ ಬಂದು ನನ್ನ ಓಟು ಹಾಕ್ತೀನಿ."

"ನಾನು ಇನ್ನೂ ಮನೆ ಬಿಟ್ಟು ಎಲ್ಲಿಗೂ ಹೋಗಿಲ್ಲ. ಇವತ್ತು ಹೊರಟ್ಮೇಲೆ ಮೊದಲು ನೋಡಿದ್ದೇ ನಿಮ್ಮ ಮುಖ. ಇನ್ನು ಹೋಗಿ ಓಟು ಹಾಕ್ತೀನಿ. ನೀವು ಮುಂದೆ ನಡೀರಿ, ನಾನು ನಿಮ್ಮ ಹಿಂದೆ ಬರ್ತೀನಿ."

ಶಕುನಕ್ಕೆ ಹೆದರಿ ಜೀವನ ಮಾಡಿದವರು ಅತ್ತೆ, ಆ ಗಳಿಗೆಯಲ್ಲೂ ಹೆದರಿಕೆ ಹೋಗಿರಲಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತು. ಹೆದರಿಕೊಂಡೇ ಬಂದಿದ್ದರು. ಅದಕ್ಕೇ ನನಗೆ ಅವರ ಮೇಲೆ ಆ ಹೊತ್ತು ಉಕ್ಕಿದ ಪ್ರೀತಿಯನ್ನು ಹೇಳಲು ಬರುವುದಿಲ್ಲ.

ಮೂಲೆಮನೆಯವರು ಸೀರೆ ಸರಿಮಾಡಿಕೊಂಡು ಹೊಸಿಲು ದಾಟಿದರು. ಮುಂದಿನ ರಸ್ತೆಯಲ್ಲಿ, ಆ ಹೊತ್ತಿನಲ್ಲಿ, ಅವರು ನಡೆಯುವುದನ್ನು ನಾನು ಕಂಡದ್ದು ಅದೇ ಮೊದಲು. ಗಲ್ಲಿಯ ಅಭ್ಯಾಸ ನೋಡಿ, ಸಪಾಟು ಡಾಂಬರಿನ ಮೇಲೂ ನೆರಿಗೆ ಎತ್ತಿ ಹಿಡಿದು ಹೆಜ್ಜೆ ಹುಡುಕಿ ಹುಡುಕಿ ಇಡುತ್ತಿದ್ದರು. ಜಗುಲಿಗಳಲ್ಲಿ ನಿಂತವರು ನೋಡಿದರು. ಒಂದು ಮನೆಯಾಕೆ ಸರಕ್ಕನೆ ಒಳಗೆ ಹೋದರು. ಇನ್ನೊಬ್ಬರು ಚಪ್ಪಲಿ ಹಾಕಿಕೊಂಡು ನಮ್ಮ ಜೊತೆ ಬಂದರು. ಮತ್ತೊಬ್ಬರು ಬಂದರು. ಆಮೇಲೆ ಕೆಲವರು. ಬೀದಿಗೆ ಬೀದಿಯೇ ಬಂತು ಎಂದು ಬರೆಯಬಹುದು, ಆದರೆ ಬರಲಿಲ್ಲ. ಬಂದವರು ಬಂದರು. ಸ್ಕೂಲಿನ ಗೇಟಿನಲ್ಲಿ ಲೈನ್‌ಮನೆಗಳ ಹೆಂಗಸರು, "ಅಗೋ ಅಮ್ಮ ಬಂದ್ರು!" ಎಂದು ಕೂಗಿದರು. ಕಂಟ್ರಾಕ್ಟರು ಪಕ್ಕಕ್ಕೆ ಸರಿದು ಜಾಗ ಕೊಟ್ಟರು.

ಮೂಲೆಮನೆಯವರು ಸಂಜೆಯವರೆಗೂ ಅಲ್ಲೇ ನಿಂತರು. ಬಂದವರಿಗೆಲ್ಲ, ಕಂಟ್ರಾಕ್ಟರ ಕಡೆಯವರಿಗೂ, "ಕಾಫಿ ಆಯ್ತಾ? ಮಗು ಹೇಗಿದೆ?" ಎಂದು ಕೇಳುತ್ತಿದ್ದರು. ಅದೇ ಅವರ ಪ್ರಚಾರ.

ಸೋತರು. ಎರಡನೆಯವರಾಗಿ ಸೋತರು, ಆದರೂ ಸೋಲು ಸೋಲೇ. ಬೆಳಗ್ಗೆ ಹಿಂದಿರುಗಿ ಹೋದವರೆಲ್ಲ ಹಾಕಿದ್ದರೆ ಗೆಲ್ಲುತ್ತಿದ್ದರೇ ಎಂದು ನಾನು ಎಷ್ಟೋ ಸಲ ಲೆಕ್ಕ ಹಾಕಿದ್ದೇನೆ. ಗೆಲ್ಲುತ್ತಿರಲಿಲ್ಲವೇನೋ. ಕಂಟ್ರಾಕ್ಟರು ಗೆದ್ದ ಮೇಲೆ ಸಿಹಿ ಹಿಡಿದುಕೊಂಡು ಮೂಲೆಮನೆಗೆ ಬಂದರಂತೆ. ಇವರು ಕಾಫಿ ಕೊಟ್ಟು, ಅವರನ್ನು ಹಿತ್ತಿಲ ಬಾಗಿಲಿನಿಂದಲೇ ಕಳಿಸಿದರಂತೆ. ಬಿಳಿ ಪ್ಯಾಂಟಿನಲ್ಲಿ ಆ ಗಲ್ಲಿಯನ್ನು ಉದ್ದಕ್ಕೂ ನಡೆದು ಹೋದ ಮನುಷ್ಯ ಒಂದು ವರ್ಷದೊಳಗೆ ಅಲ್ಲಿ ಮೋರಿ ಕಟ್ಟಿಸಿದರು. ಅದಕ್ಕೆ ಅವರ ಹೆಸರಿನ ಕಲ್ಲೂ ಬಿತ್ತು. "ಹೋಗ್ಲಿ ಬಿಡು, ಕಲ್ಲು ಓದೋಕೆ ಯಾರು ಹೋಗ್ತಾರೆ, ಕಾಲಿಡೋಕೆ ಜಾಗ ಆಯ್ತಲ್ಲ" ಎಂದು ಮೂಲೆಮನೆಯವರು ನಕ್ಕರು.

ನಾನು ಹೇಳಬೇಕೆಂದಿರುವುದು ಅದಲ್ಲ. ಚುನಾವಣೆಯ ನಂತರ ನಾನು ಬ್ಯಾಂಕಿನ ಪರೀಕ್ಷೆ ಕಟ್ಟಿದೆ. ಹೊರಡುವ ಬೆಳಗ್ಗೆ ಅತ್ತೆ ಯಾರನ್ನೂ ಇಣುಕಿ ನೋಡಲು ಕಳಿಸಲಿಲ್ಲ. ಜಗುಲಿಯಿಂದಲೇ, "ರೀ ಮೂಲೆಮನೆಯವರೇ, ಸ್ವಲ್ಪ ಎದುರಿಗೆ ಬನ್ನಿ, ನಮ್ಮ ಸೊಸೆ ಹೊರಟಿದಾಳೆ" ಎಂದು ಬೀದಿಗೆಲ್ಲ ಕೇಳಿಸುವ ಹಾಗೆ ಕೂಗಿದರು. ಅವರು ಒದ್ದೆ ಕೈ ಒರೆಸಿಕೊಳ್ಳುತ್ತಾ ಓಡಿಬಂದರು. ಆ ದಿನದ ಅವರ ಮುಖ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ನಾನು ಫೇಲಾದೆ. ಲೆಕ್ಕದಲ್ಲಿ ಹೋಯಿತು. ಬೀದಿಯಲ್ಲಿ ಒಬ್ಬಾಕೆ, "ಅವರು ಎದುರಾದ್ಮೇಲೆ ಇನ್ನೇನಾಗುತ್ತೆ?" ಎಂದರಂತೆ. ಚುನಾವಣೆಯ ನಂತರ ಬೆಳಗಿನ ಹೊತ್ತೂ ತೆರೆದಿರುತ್ತಿದ್ದ ಮೂಲೆಮನೆಯ ಬಾಗಿಲು ಮತ್ತೆ ಮುಚ್ಚಿಕೊಂಡಿತು. ನಾನು ಹೋಗಿ ಜಗಳವಾಡಿದೆ, ಅತ್ತೆ ಹೋಗಿ ಬೈದರು, ಅವರು ಕೇಳಲಿಲ್ಲ. ಚುನಾವಣೆ ಸೋತಾಗಲೂ ಅವರು ಅಷ್ಟು ಕುಗ್ಗಿರಲಿಲ್ಲ.

ಮುಂದಿನ ವರ್ಷ ಮತ್ತೆ ಪರೀಕ್ಷೆ ಬಂತು. ಚಪ್ಪಲಿ ಹಾಕಿಕೊಂಡು, ಪೆನ್ನು ನೋಡಿಕೊಂಡು, ಜಗುಲಿಯಲ್ಲಿ ನಿಂತಿದ್ದೆ. ಅತ್ತೆ, "ತಡಿ" ಎಂದು ಹೇಳಿ ನೇರವಾಗಿ ಮೂಲೆಮನೆಗೆ ಹೋಗಿ ಕದ ತಟ್ಟಿದರು. ಮಾತು ನನಗೆ ಇಲ್ಲಿಗೇ ಕೇಳಿಸುತ್ತಿತ್ತು.

"ಸೊಸೆ ಪರೀಕ್ಷೆಗೆ ಹೊರಟಿದಾಳೆ. ಎದುರಿಗೆ ಬನ್ನಿ."

"ಬೇಡಿ ಕಣ್ರೀ, ನಿಮ್ಮ ಕಾಲಿಗೆ ಬೀಳ್ತೀ‌ನಿ. ಹೋದ್ಸಲ ಏನಾಯ್ತು ನೋಡಿದ್ರಲ್ಲ."

"ಹೋದ್ಸಲ ಅವಳಿಗೆ ಲೆಕ್ಕ ಬರ್ಲಿಲ್ಲ. ನಿಮ್ಮ ಮುಖಕ್ಕೂ ಅವಳ ಲೆಕ್ಕಕ್ಕೂ ಏನ್ರೀ ಸಂಬಂಧ?"

"ಸಂಬಂಧ ಇಲ್ಲ ಅಂದ್ಮೇಲೆ ನಾನ್ಯಾಕೆ ಬರ್ಲಿ?"

ಅತ್ತೆ ನನ್ನ ಕಡೆ ತಿರುಗಿ ನೋಡಿದರು. ಆಮೇಲೆ ಮುಚ್ಚಿದ ಬಾಗಿಲಿಗೆ ಬಾಯಿಟ್ಟು, "ನೀವು ಬರೋವರೆಗೂ ಹೊರಡಲ್ಲ ಅಂತ ಹಟ ಹಿಡಿದು ಕೂತ್ಬಿಟ್ಟಿದಾಳೆ ಕಣ್ರೀ. ಬಸ್ಸು ತಪ್ಪಿಹೋಗುತ್ತೆ" ಎಂದರು.

ಹಟ ಹಿಡಿದು ಎಲ್ಲಿ ಕೂತಿದ್ದೆ! ನಿಂತೇ ಇದ್ದೆ. ಅತ್ತೆಯ ಮಾತು ಕಿವಿಗೆ ಬಿದ್ದದ್ದೇ ತಡ, ಚೀಲವನ್ನು ಪಕ್ಕಕ್ಕಿಟ್ಟು ಜಗುಲಿಯ ಮೇಲೆ ದೊಪ್ಪನೆ ಕೂತುಬಿಟ್ಟೆ. ಮೂಲೆಮನೆಯ ಅಗುಳಿ ತೆಗೆದ ಸದ್ದು ಕೇಳಿಸುವವರೆಗೂ ಏಳಲಿಲ್ಲ.